ಶಕ್ತಿಯನ್ನರಿತು ತಪ

ಷೋಡಶಕಾರಣ ಭಾವನೆಗಳಲ್ಲಿ ‘ಶಕ್ತಿತಸ್ತಪ’ವೂ ಒಂದು. ತನ್ನ ಶಕ್ತಿಯನ್ನು ಮರೆಮಾಚದೆ, ಮೀರದೆ ಆಚರಿಸುವ ತಪವೆಂದು ಅದರ ಭಾವ. ಮಧುಮೇಹದೊಡನೆ ಮೂತ್ರಪಿಂಡದ ರೋಗವೂ ಇದ್ದು ಇನ್ಸುಲಿನ್ ತೆಗೆದುಕೊಳ್ಳುವ ಶ್ರಾವಕ-ಶ್ರಾವಿಕೆಯರು ಅಷ್ಟಮಿ, ಚತುರ್ದಶಿ, ದಶಲಕ್ಷಣ ಪರ್ವಗಳಲ್ಲಿ ಇದನ್ನು ವಿಶೇಷವಾಗಿ ಮನನ ಮಾಡತಕ್ಕದ್ದು.

ದೇಹದಲ್ಲಿನ ಇನ್ಸುಲಿನ್ನನ್ನು ಕ್ಷಯಗೊಳಿಸುವಲ್ಲಿ ಮೂತ್ರಪಿಂಡಗಳಿಗೂ ಪಾಲುಂಟು. ಅವು ದುರ್ಬಲವಾದಾಗ ಔಷಧವು ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ನಿರಾಹಾರದ ವೇಳೆ ಸಕ್ಕರೆಯನ್ನು ಒದಗಿಸುವ ಅವುಗಳ ಸಾಮರ್ಥ್ಯವೂ ಕುಗ್ಗುತ್ತದೆ. ಆದುದರಿಂದ ಹಿಂದಿನ ಪ್ರಮಾಣವೇ ಅಧಿಕವಾಗಬಹುದು. ಅದಕ್ಕೆ ಅನಶನವೂ ಕೂಡಿದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ಮತಿಭ್ರಮೆ, ಮೂರ್ಛೆ ಉಂಟಾದಾವು. ನಿರ್ಜಲ ಉಪವಾಸವು ಮೂತ್ರಪಿಂಡಗಳಿಗೆ ಮತ್ತೊಂದು ಆಘಾತ. ಹಾಗೆಂದು ಸ್ವಂತ ನಿರ್ಧಾರದಿಂದ ಇನ್ಸುಲಿನ್ ಬಿಡುವುದೂ ಅಪಾಯವೇ.

ಬಾಹ್ಯತಪಗಳು ಆರು, ಅನಶನವು ಅವುಗಳಲ್ಲಿ ಒಂದು ಮಾತ್ರ. ವೈದ್ಯರ ಒಪ್ಪಿಗೆಯಿರುವ ರಸಪರಿತ್ಯಾಗವೂ ತಪವೇ. ಅಂತರಂಗತಪವಾದ ಸ್ವಾಧ್ಯಾಯಕ್ಕೆ ಯಾವ ರೋಗವೂ ಸುಲಭವಾಗಿ ಅಡ್ಡಿಯಾಗದು. ವ್ರತ ಸ್ವೀಕರಿಸುವ ಮುನ್ನವೇ ವೈದ್ಯರಿಗೆ ತಮ್ಮ ನಿಯಮವನ್ನೂ, ಸೂರ್ಯಾಸ್ತದ ಮೊದಲಿನ ಊಟದ ಸಮಯವನ್ನೂ ತಿಳಿಸಿ ಔಷಧದ ಪ್ರಮಾಣವನ್ನು ನಿಶ್ಚಯಿಸಿಕೊಳ್ಳಬೇಕು.

ಸಕ್ಕರೆ ಇಳಿದ ಲಕ್ಷಣ ಕಂಡೊಡನೆ, ರಾತ್ರಿಯೆಂದು ಹಿಂಜರಿಯದೆ, ಮನೆಯವರು ಸಕ್ಕರೆನೀರು ಕುಡಿಸಬೇಕು. ಮೂರ್ಛೆ ಹೋಗಿದ್ದರೆ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ವ್ರತಭಂಗಕ್ಕೆ ಗುರುಗಳ ಬಳಿ ಪ್ರಾಯಶ್ಚಿತ್ತವುಂಟು. ಅಪಾಯವನ್ನರಿತೂ ಅಲಕ್ಷಿಸುವುದು ಪ್ರಮಾದ. ಪ್ರಮಾದವೇ ಹಿಂಸೆಯ ಮೂಲ. ಸ್ವದೇಹದ ವಿಷಯದಲ್ಲಿಯೂ ಈ ವಿವೇಕವಿರಲಿ. ವ್ರತವು ನಿರ್ವಿಘ್ನವಾಗಿ ಫಲಿಸಲಿ.