ಬೀಳುವ ಹಕ್ಕು ಯಾರದು?

“ಹತ್ತಬಹುದು. ಬೀಳಬಾರದು, ಅಷ್ಟೇ.”

ಆಪರೇಷನ್ ಆಗಿ ಒಂದು ವರ್ಷ ಕಳೆದ ಮೇಲೆ ನನ್ನ ಮೊಣಕಾಲಿನ ಎಕ್ಸ್‌ರೇ ನೋಡಿ ಡಾಕ್ಟರು ಹೇಳಿದ ಮಾತಿದು. ಮೂಳೆ ಕೂಡಿದೆ, ಪ್ಲೇಟು ಮತ್ತು ಆರು ಸ್ಕ್ರೂ ತಮ್ಮ ಜಾಗದಲ್ಲಿವೆ, ಆದರೆ ಅದೇ ಕಾಲಿಗೆ ಇನ್ನೊಮ್ಮೆ ಪೆಟ್ಟಾದರೆ ರಿಪೇರಿ ಇಷ್ಟು ಸುಲಭವಲ್ಲ ಎಂದರು. ತಲೆಯಾಡಿಸಿ ಬಂದೆ. ಆದರೆ ಬೀಳುವುದಿಲ್ಲವೆಂದು ಮಾತು ಕೊಟ್ಟು ಕುದುರೆ ಹತ್ತುವುದು ಯಾರಿಂದಾದೀತು? ಹತ್ತುವ ಒಪ್ಪಿಗೆಯಲ್ಲೇ ಬೀಳುವ ಒಪ್ಪಿಗೆಯೂ ಸೇರಿರುತ್ತದೆ. ಅದನ್ನು ಕೊಡಬೇಕಾದವರು ಡಾಕ್ಟರಲ್ಲ. ಮತ್ತೆ ಯಾರು? ನಾನೇ, ಎಂದುಕೊಂಡಿದ್ದೆ.

ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆವರಣದಲ್ಲಿ ಎನ್‌ಸಿಸಿಯ ಕುದುರೆ ದಳವಿದೆ. ಓದುವ ದಿನಗಳಲ್ಲಿ ಸವಾರಿ ಕಲಿತದ್ದು ಅಲ್ಲಿ. ನೌಕರಿ ಹಿಡಿದು ಡೊಂಬಿವಲಿಗೆ ಬಂದ ಮೇಲೆ ಹದಿನೈದು ವರ್ಷ ಏರಿದ್ದು ಲೋಕಲ್ ಟ್ರೇನ್ ಮಾತ್ರ. ನಲವತ್ತು ದಾಟಿದ ಮೇಲೆ ಹಳೆಯ ಹುಚ್ಚು ಮರಳಿತು. ತಿಂಗಳಿಗೆ ಎರಡು ಭಾನುವಾರ ಕರ್ಜತ್ ಲೋಕಲ್ ಹಿಡಿದು ನೇರಳಕ್ಕೆ, ಅಲ್ಲಿಂದ ಶೇರ್ ಟ್ಯಾಕ್ಸಿಯಲ್ಲಿ ಮಾಥೇರಾನದ ದಸ್ತೂರಿ ನಾಕಾಕ್ಕೆ. 1850ರಲ್ಲಿ ಠಾಣೆಯ ಕಲೆಕ್ಟರ್ ಆಗಿದ್ದ ಹ್ಯೂ ಮ್ಯಾಲೆಟ್ ಹತ್ತಿ ನೋಡಿದ ಮೇಲೆ ಗಿರಿಧಾಮವಾಗಿ ಬೆಳೆದ ಬೆಟ್ಟವದು. ದಸ್ತೂರಿಯಿಂದಾಚೆ ಖಾಸಗಿ ಕಾರು, ಬೈಕುಗಳಿಗೆ ದಾರಿಯಿಲ್ಲ. ಕೆಂಪು ಮಣ್ಣಿನ ಹಾದಿಯಲ್ಲಿ ಜನರನ್ನೂ ಸಾಮಾನನ್ನೂ ಬಹುಪಾಲು ಕುದುರೆಗಳೇ ಹೊತ್ತಿವೆ. ಅಲ್ಲಿನ ಕುದುರೆಯವನೊಬ್ಬ ನಾಲ್ಕಾರು ಸಲ ನನ್ನನ್ನು ಪರೀಕ್ಷಿಸಿ, ಆಮೇಲೆ ಲಗಾಮು ನನ್ನ ಕೈಗೇ ಬಿಡತೊಡಗಿದ.

2024ರ ನವೆಂಬರಿನ ಒಂದು ಬೆಳಿಗ್ಗೆ ಮರದಿಂದ ಮಂಗವೊಂದು ದಾರಿಗೆ ಹಾರಿತು. ಕುದುರೆ ಪಕ್ಕಕ್ಕೆ ಸರಿಯಿತು, ನಾನು ಸರಿಯಲಿಲ್ಲ. ತಪ್ಪು ಕುದುರೆಯದಲ್ಲ, ಮೊಬೈಲ್ ತೆಗೆಯಲೆಂದು ಒಂದು ಕೈ ಜೇಬಿನಲ್ಲಿಟ್ಟಿದ್ದವನು ನಾನು. ಹತ್ತಿರದಲ್ಲೇ ಕೈರಿಕ್ಷಾ ಇತ್ತು. ಮುಂದೆ ಒಬ್ಬ ಎಳೆದ, ಹಿಂದಿನಿಂದ ಇಬ್ಬರು ತಳ್ಳಿದರು. ಅವರ ಏದುಸಿರು ನನ್ನ ನರಳಾಟಕ್ಕಿಂತ ಜೋರಾಗಿ ಕೇಳಿದ್ದು ಇಂದಿಗೂ ಕಿವಿಯಲ್ಲಿದೆ. ಆಪರೇಷನ್ ಮುಗಿಸಿ ಮನೆಗೆ ಬಂದಾಗ ಇನ್ನೊಂದು ಮೆರವಣಿಗೆ. ನಮ್ಮದು ಲಿಫ್ಟ್ ಇಲ್ಲದ ಹಳೆಯ ಬಿಲ್ಡಿಂಗ್, ಮೂರನೆಯ ಮಹಡಿ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ನನ್ನನ್ನು ಹೊತ್ತು ತಂದರು. ನೆರೆಯವರು ಇಬ್ಬರು, ವಾಚ್‌ಮನ್, ಕೆಳಗಿನ ತರಕಾರಿ ಅಂಗಡಿಯ ಹುಡುಗ. ಪ್ರತಿ ಚೆಕಪ್ಪಿಗೂ ಅದೇ ಇಳಿತ, ಅದೇ ಏರು.

ಮೂರು ತಿಂಗಳು ಆ ಕಾಲು ನೆಲಕ್ಕೂರುವಂತಿರಲಿಲ್ಲ. ಲಕ್ಷ್ಮೇಶ್ವರದಿಂದ ಅವ್ವ ಬಂದಳು. ಒಂದು ಕೋಣೆಯ ಮನೆಯಲ್ಲಿ, ಭಾಷೆ ಬಾರದ ಊರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ ನನ್ನ ಬೆಡ್‌ಪ್ಯಾನ್ ಎತ್ತಿದಳು. ಹೆಂಡತಿ ನಸುಕಿನಲ್ಲೆದ್ದು ಅಡುಗೆ ಮುಗಿಸಿ, ಠಾಣೆಯಲ್ಲಿ ಟ್ರೇನ್ ಬದಲಿಸಿ ಐರೋಲಿಯ ಆಫೀಸಿಗೆ ಹೋಗಿ ಬರುತ್ತಿದ್ದಳು. ಕೋಲು ಬಿಟ್ಟು ನಡೆಯತೊಡಗಿದ ವಾರ, ಅವ್ವ ಊರಿಗೆ ಹೊರಡುವ ಹಿಂದಿನ ರಾತ್ರಿ ಕೇಳಿದಳು: “ಮತ್ತ ಕುದುರಿ ಹತ್ತಾಂವ ಏನಪಾ?”

“ನನ್ನ ಕಾಲು ಅವ್ವಾ. ಏನರ ಆದ್ರ ನನಗ ಆಗ್ತದ.”

“ಕಾಲು ನಿಂದಪಾ,” ಅಂದಳು. “ಮೂರು ತಿಂಗಳು ನಂದು.”

ಉತ್ತರ ಹೊಳೆಯದೆ ಆ ಮಾತನ್ನು ಒಂದು ಕಡೆ ಇಟ್ಟೆ. ಡಾಕ್ಟರ ಒಪ್ಪಿಗೆ ಸಿಕ್ಕ ಮರುವಾರವೇ ಮನೆಯಲ್ಲಿ ಕರ್ಜತ್‌ನ ಗೆಳೆಯನ ಹೆಸರು ಹೇಳಿ ಹೊರಟೆ, ನೇರಳದಲ್ಲಿ ಇಳಿದೆ. ಕುದುರೆಯವನು ನನ್ನನ್ನು ಕಂಡು ನಕ್ಕ, ಕಾಲು ಮುಟ್ಟಿ ನೋಡಿದ. ರಿಕಾಪಿನಲ್ಲಿ ಪಾದ ಇಡುವಷ್ಟರಲ್ಲಿ ಕೇಳಿದ: “ಘರೀ ಸಾಂಗಿತ್ಲಂತ್ ಕಾ?” ಮನೆಯಲ್ಲಿ ಹೇಳಿದ್ದೀರಾ?

ಅವನು ಸುಮ್ಮನೆ ಕೇಳಿದ್ದಲ್ಲ. ನಾನು ಬಿದ್ದ ದಿನ ನನ್ನ ಮನೆಗೆ ಫೋನ್ ಮಾಡಿದವನು ಅವನು. ಆ ಕಡೆಯಿಂದ ಬಂದ ಕೂಗನ್ನು ಕೇಳಿಸಿಕೊಂಡವನೂ ಅವನೇ. ಆಮೇಲೆ ಮೂರು ವಾರ ಆ ಕುದುರೆಗೆ ಬಾಡಿಗೆ ಹುಟ್ಟಲಿಲ್ಲವಂತೆ, ಜನರನ್ನು ಕೆಡವುವ ಕುದುರೆ ಎಂಬ ಹೆಸರು ಬಂದು. ಒಂದು ವರ್ಷದಲ್ಲಿ ಒಮ್ಮೆಯೂ ನಾನದನ್ನು ಕೇಳಿರಲಿಲ್ಲ. ರಿಕಾಪಿನಿಂದ ಪಾದ ತೆಗೆದು ವಾಪಸು ಬಂದೆ.

ಜಾನ್ ಸ್ಟುವರ್ಟ್ ಮಿಲ್ ಸ್ವಾತಂತ್ರ್ಯದ ಬಗ್ಗೆ 1859ರಲ್ಲಿ ಪ್ರಕಟಿಸಿದ ಪುಸ್ತಕದ ವಾದ ನಮಗೆಲ್ಲ ಈಗ ಸಹಜವೆನಿಸುವಷ್ಟು ಪರಿಚಿತ: ನನ್ನ ಕೆಲಸದಿಂದ ಬೇರೆಯವರಿಗೆ ಹಾನಿಯಾಗದಿದ್ದರೆ, ನನ್ನ ಒಳಿತಿನ ಹೆಸರಿನಲ್ಲಿ ಯಾರೂ ನನ್ನನ್ನು ತಡೆಯುವಂತಿಲ್ಲ. ಅವ್ವನಿಗೆ ಕೊಟ್ಟ ನನ್ನ ಉತ್ತರವೂ ಅದೇ ಆಗಿತ್ತು. ಆದರೆ ಮಿಲ್ ಅದೇ ಪುಸ್ತಕದಲ್ಲಿ ಇನ್ನೊಂದು ಮಾತು ಸೇರಿಸುತ್ತಾನೆ. ತನ್ನನ್ನು ತಾನು ಹಾಳುಮಾಡಿಕೊಳ್ಳುವುದರಿಂದ ಇನ್ನೊಬ್ಬರಿಗೆ ಸಲ್ಲಬೇಕಾದ ಖಚಿತ ಕರ್ತವ್ಯ ತಪ್ಪಿದರೆ, ಆಗ ಅದು ಅವನೊಬ್ಬನ ವಿಷಯವಾಗಿ ಉಳಿಯುವುದಿಲ್ಲ. ನಾವು ಮೊದಲಿನದನ್ನು ನೆನಪಿಟ್ಟು ಎರಡನೆಯದನ್ನು ಮರೆಯುತ್ತೇವೆ.

ಕುದುರೆಯ ಇತಿಹಾಸದಲ್ಲೇ ಇದಕ್ಕೊಂದು ಲೆಕ್ಕ ಸಿಗುತ್ತದೆ. ವಿಜಯನಗರಕ್ಕೆ ಕುದುರೆಗಳು ಬರುತ್ತಿದ್ದದ್ದು ಕಡಲ ಮೇಲೆ. 1535ರ ಹೊತ್ತಿಗೆ ಅಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಸಾಳುವ ನರಸಿಂಹನ ಬಗ್ಗೆ ಬರೆದಿದ್ದಾನೆ: ಹೊರ್ಮುಜ್ ಮತ್ತು ಏಡನ್‌ಗಳಿಂದ ತರುವಾಗ ಹಡಗಿನಲ್ಲಿ ಸತ್ತ ಕುದುರೆಗೂ ಅರಸ ಪೂರ್ತಿ ಬೆಲೆ ಕೊಡುತ್ತಿದ್ದ, ಬಾಲ ತಂದು ತೋರಿಸಿದರೆ ಸಾಕಿತ್ತು. ಕುದುರೆ ಬೇಕಾಗಿದ್ದದ್ದು ಅರಸನಿಗೆ, ಆದ್ದರಿಂದ ನಷ್ಟವೂ ಅವನ ಬೊಕ್ಕಸದ್ದು. ಆಸೆ ಯಾರದೋ ಅಪಾಯದ ಬೆಲೆಯೂ ಅವರದೇ ಆಗಬೇಕು ಎಂಬಷ್ಟು ನ್ಯಾಯ ಅದರಲ್ಲಿದೆ. ಕುದುರೆ ಮಾತ್ರ ತನ್ನ ಪಾಲನ್ನು ಪ್ರಾಣದಲ್ಲಿ ಕೊಟ್ಟಿತು. ನನ್ನ ಲೆಕ್ಕದಲ್ಲಿ ಅರಸನ ಪಾತ್ರವೂ ಇರಲಿಲ್ಲ. ಆಸೆ ನನ್ನದು, ಬಿಲ್ಲು ಹರಿದು ಹಂಚಿಹೋಗಿತ್ತು.

ಹಾಗೆಂದು ಸವಾರಿ ಬಿಟ್ಟುಬಿಡಬೇಕೆ? ಇಲ್ಲಿ ನನ್ನೊಳಗೊಂದು ತಕರಾರು ಏಳುತ್ತದೆ. 2025ರ ಜೂನ್ 9ರ ಬೆಳಿಗ್ಗೆ, ನಮ್ಮ ಲೈನಿನಲ್ಲೇ, ದಿವಾ ಮತ್ತು ಮುಂಬ್ರಾ ನಡುವೆ, ಬಾಗಿಲಲ್ಲಿ ಜೋತಾಡುತ್ತಿದ್ದವರು ಓಡುವ ಲೋಕಲ್‌ಗಳಿಂದ ಬಿದ್ದರು. ನಾಲ್ವರು ಅಂದೇ ಸತ್ತರು. ಮರುದಿನವೂ ನಾನು ಡೊಂಬಿವಲಿಯಲ್ಲಿ ಅದೇ ಲೈನಿನ ಟ್ರೇನ್ ಹತ್ತಿದೆ, ಪ್ಲೇಟು ಹಾಕಿದ ಕಾಲಿನಲ್ಲಿ. ಮನೆಯಲ್ಲಿ ಹೇಳಿದ್ದೀಯಾ ಎಂದು ಯಾರೂ ಕೇಳಲಿಲ್ಲ. ಸಂಬಳಕ್ಕಾಗಿ ಜೀವ ಒತ್ತೆಯಿಟ್ಟರೆ ಅದು ಜವಾಬ್ದಾರಿ, ಸಂತೋಷಕ್ಕಾಗಿ ಇಟ್ಟರೆ ಮೈಮೇಲಿನ ಕೊಬ್ಬು. ಈ ತಕ್ಕಡಿ ಸರಿಯಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ. ದುಡಿಯಲಿಕ್ಕೆ ಮಾತ್ರ ರಿಪೇರಿ ಮಾಡಿಟ್ಟ ದೇಹ ಮನೆಯವರಿಗೂ ಬಹುಕಾಲ ಹಿತವಾಗಿರಲಾರದು.

ಹಾಸಿಗೆಯಲ್ಲಿದ್ದಾಗ ಗೆಳೆಯರು ಹುರಿದುಂಬಿಸಲು ಲಿಸ್ ಹಾರ್ಟೆಲ್ ಕತೆ ಕಳಿಸುತ್ತಿದ್ದರು. ಡೆನ್ಮಾರ್ಕಿನ ಹೆಣ್ಣುಮಗಳು; 1944ರಲ್ಲಿ, ಬಸಿರಿಯಾಗಿದ್ದಾಗ ಪೋಲಿಯೊ. ಮೊಣಕಾಲಿನ ಕೆಳಗೆ ಶಕ್ತಿ ಮರಳಲೇ ಇಲ್ಲ. ಆದರೂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಡ್ರೆಸಾಜ್‌ನಲ್ಲಿ ಗಂಡಸರ ಜೊತೆ ಸ್ಪರ್ಧಿಸಿ ಬೆಳ್ಳಿ ಗೆದ್ದಳು. ಛಲದ ಕತೆ ಎಂದೇ ಎಲ್ಲರೂ ಹೇಳುತ್ತಾರೆ, ಛಲವೇನೋ ಹೌದು. ನನ್ನ ಕಣ್ಣು ಮಾತ್ರ ಒಂದು ಸಣ್ಣ ವಿವರದ ಮೇಲೆ ನಿಂತಿತು: ಕುದುರೆ ಹತ್ತಲಿಕ್ಕೂ ಇಳಿಯಲಿಕ್ಕೂ ಅವಳಿಗೆ ಬೇರೆಯವರ ಕೈ ಬೇಕಿತ್ತು. ಮನೆಯವರಿಗೆ ಸುಳ್ಳು ಹೇಳಿ ಒಂದು ದಿನವಾದರೂ ಅವಳು ಸವಾರಿ ಮಾಡಲು ಸಾಧ್ಯವಿತ್ತೇ? ಎತ್ತಿ ಕೂರಿಸುವವರು ಕಣ್ಣೆದುರಿಗಿದ್ದಾಗ ಕೇಳದೆ ಹತ್ತುವಂತಿಲ್ಲ. ನನ್ನನ್ನು ಎತ್ತುವವರೂ ಇದ್ದರು. ಬಿದ್ದ ಮೇಲೆ ಮಾತ್ರ ಕಾಣಿಸುತ್ತಿದ್ದರು, ಅಷ್ಟೇ ವ್ಯತ್ಯಾಸ.

ಆ ರಾತ್ರಿ ಹೆಂಡತಿಗೆ ನೇರಳದ ಸುಳ್ಳನ್ನು ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹೋಗಬ್ಯಾಡ್ರಿ ಅನ್ನೂದಿಲ್ಲ,” ಅಂದಳು. “ಕದ್ದು ಹೋಗಬ್ಯಾಡ್ರಿ. ನೀವು ಬಿದ್ರ ಫೋನು ಬರೂದು ನನಗ.” ಇಬ್ಬರೂ ಕೂತು ಷರತ್ತು ಬರೆದೆವು: ಹೆಲ್ಮೆಟ್, ಮಳೆಗಾಲದಲ್ಲಿ ಇಲ್ಲ, ಮೊಬೈಲ್ ಕುದುರೆಯವನ ಕೈಯಲ್ಲಿ. ಒಪ್ಪಿಗೆ ಸಿಕ್ಕಿತೆಂದರೆ ಬೀಳುವ ಹಕ್ಕು ಪೂರ್ತಿ ನನ್ನದಾಯಿತೆಂದಲ್ಲ. ಅದರಲ್ಲಿ ಪಾಲುದಾರರು ಎಷ್ಟು ಜನ ಎಂದು ನನಗೆ ಗೊತ್ತಾಯಿತು, ಅವರಿಗೂ ಗೊತ್ತಾಯಿತು.

ಒಬ್ಬ ಪಾಲುದಾರನನ್ನು ಕೇಳುವ ದಾರಿಯೇ ಇಲ್ಲ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು, ಮನುಷ್ಯ ಮನುಷ್ಯನನ್ನು ಎಳೆಯುವುದು ಅಮಾನವೀಯ, ಮಾಥೇರಾನದ ಕೈರಿಕ್ಷಾಗಳು ಆರು ತಿಂಗಳಲ್ಲಿ ನಿಲ್ಲಬೇಕು ಎಂದಿತು. ನನ್ನನ್ನು ಎಳೆದ ಮೂವರ ಏದುಸಿರಿಗೆ ಸಿಕ್ಕ ಉತ್ತರವೆಂದು ಓದಿದೆ. ಕುದುರೆಯ ಏದುಸಿರಿಗೆ ಉತ್ತರ ಕೊಡಬೇಕಾದವನು ಸವಾರ. ಜೀನು ಸೇರಿ ಸವಾರನ ಭಾರ ಕುದುರೆಯ ತೂಕದ ಐದರಲ್ಲೊಂದು ಪಾಲು ಮೀರದಿರಲಿ ಎಂಬುದು ಬಲ್ಲವರ ಸಾಮಾನ್ಯ ಲೆಕ್ಕ. 350 ಕಿಲೋ ಕುದುರೆಗೆ 70. ನಾನು ಬೀಳುವ ಮೊದಲೇ 74 ಇದ್ದೆ, ಹಾಸಿಗೆ ಬಿಟ್ಟೇಳುವಾಗ 83. ‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆಯನ್ನು ನಾವು ಸೋಮಾರಿಗಳ ಮೇಲೆ ಹೇಳುತ್ತೇವೆ. ಕುದುರೆಯ ಕಾಲಿನ ಬಗ್ಗೆ ಗಾದೆಯಿಲ್ಲ.

ಜನವರಿಯ ಒಂದು ಭಾನುವಾರ ಹೋದೆ. ತೂಕ 75ಕ್ಕೆ ಇಳಿದಿತ್ತು. ಮೊದಲು ಆ ಮೂರು ವಾರಗಳ ಬಾಡಿಗೆ ಎಣಿಸಿ ಕೊಟ್ಟೆ. ಕುದುರೆಯವನು ಬೇಡವೆನ್ನಲಿಲ್ಲ, ತಾನೂ ಎಣಿಸಿ ಜೇಬಿಗಿಟ್ಟುಕೊಂಡ. ಅಲ್ಲಿದ್ದವುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಕುದುರೆ ತಂದ. ಹತ್ತು ನಿಮಿಷ ಮಕ್ಕಳನ್ನು ಕೂರಿಸಿದಂತೆ ಲಗಾಮು ತಾನೇ ಹಿಡಿದು ನಡೆದ. ಮೊಣಕಾಲು ಜೀನಿಗೆ ಒತ್ತಿದಾಗ ನೋವಾಯಿತು, ಹೆದರಿಕೆಯೂ ಆಯಿತು. ಅವೆರಡರ ನಡುವೆ ಕಿವಿಯಾಡಿಸುತ್ತ ನಡೆಯುವ ಆ ಬೆಚ್ಚನೆಯ ಬೆನ್ನಿನ ಲಯ ಹೆಬ್ಬಾಳದ ಮೊದಲ ದಿನದಷ್ಟೇ ಚೆನ್ನಾಗಿತ್ತು. ಇಳಿದು ಉಳಿದ ದಾರಿಯನ್ನು ಕುದುರೆಯ ಪಕ್ಕ ನಡೆದೆ.

ದಸ್ತೂರಿಯಲ್ಲಿ ಟ್ಯಾಕ್ಸಿ ತುಂಬಲೆಂದು ಕಾಯುತ್ತ ಮನೆಗೆ ಫೋನ್ ಮಾಡಿ ಇಳಿದೆ ಎಂದೆ. ಆಮೇಲೆ ಲಕ್ಷ್ಮೇಶ್ವರಕ್ಕೆ. ಅವ್ವ ಬೈಯುತ್ತಾಳೆಂದು ಕಾದೆ.

“ಕುದುರಿಗೆ ಏನರ ತಿನ್ನಾಕ ಕೊಟ್ಟಿ ಏನ?”

ಕೊಟ್ಟಿರಲಿಲ್ಲ. ಟ್ಯಾಕ್ಸಿಗೆ ಇನ್ನೂ ಇಬ್ಬರು ಬೇಕಿತ್ತು. ಬ್ಯಾಗಿನಲ್ಲಿದ್ದ ಎರಡು ಗಜ್ಜರಿ ತೆಗೆದುಕೊಂಡು ವಾಪಸು ನಡೆದೆ.