ನಂಗ್ ಮೀನಿನ ಕಣ್ಣು ಮತ್ತು ಕಾರ್ಯಕಾರಣದ ಪ್ರಶ್ನೆ

ಮಳೆಗಾಲ ಮುಗಿಯುತ್ತಲೇ ಮಲ್ಪೆ, ಮಂಗಳೂರಿನ ಬಲೆಗಳಿಗೆ ಬೀಳುವ ನಂಗ್, ತೀರಕ್ಕೆ ಸಮೀಪದ ಕೆಸರು ತಳದಲ್ಲಿ ಮಲಗಿ ಹುಳುಗಳನ್ನೂ ಸಿಗಡಿಜಾತಿಯ ಕಿರುಜೀವಿಗಳನ್ನೂ ತಿಂದು ಬದುಕುವ, ನಾಲಗೆಯಾಕಾರದ ಚಪ್ಪಟೆ ಮೀನು. ಮೊಟ್ಟೆಯೊಡೆದು ಬಂದ ಮರಿಯು ಇತರ ಮೀನುಗಳಂತೆ ನೆಟ್ಟಗೆ ಈಜುತ್ತದೆ ಮತ್ತು ಅದರ ತಲೆಯ ಎರಡೂ ಪಕ್ಕಗಳಲ್ಲಿ ಒಂದೊಂದು ಕಣ್ಣಿರುತ್ತದೆ. ಬೆಳೆಯುತ್ತ ಹೋದಂತೆ ತಲೆಬುರುಡೆ ತಿರುಚಿಕೊಂಡು ಬಲಗಣ್ಣು ಎಡಪಕ್ಕಕ್ಕೆ ಸರಿಯುತ್ತದೆ, ಬಣ್ಣಗೆಟ್ಟ ಬಲಮೈ ಕೆಸರಿಗೆ ಒರಗುತ್ತದೆ.

ಕಾರ್ಯವು ಕಾರಣದಲ್ಲಿ ಮೊದಲೇ ಅಡಗಿರುತ್ತದೆಂಬ ಸಾಂಖ್ಯರ ಸತ್ಕಾರ್ಯವಾದಕ್ಕೂ, ಅದು ಹೊಸದಾಗಿಯೇ ಹುಟ್ಟುತ್ತದೆಂಬ ನ್ಯಾಯ-ವೈಶೇಷಿಕರ ಆರಂಭವಾದಕ್ಕೂ ಈ ಕಣ್ಣು ಒಳ್ಳೆಯ ಪರೀಕ್ಷೆ. ಒಂದು ಮರಿಯ ಮಟ್ಟಿಗೆ ಸಾಂಖ್ಯರ ಮಾತು ಬಹುಪಾಲು ಸಲ್ಲುತ್ತದೆ, ಏಕೆಂದರೆ ಕಣ್ಣು ಸರಿಯುವ ಕ್ರಮವು ಅನುವಂಶೀಯವಾಗಿ ಮೊಟ್ಟೆಯಲ್ಲೇ ಬಂದಿರುತ್ತದೆ. ಕುಲದ ಮಟ್ಟಿಗೆ ಹಾಗಲ್ಲ. ಜೀವಿಗಳು ಹಂತಹಂತವಾಗಿ ಬದಲಾಗುತ್ತವೆ ಎಂಬ ಡಾರ್ವಿನ್ನನ ವಾದದ ವಿರುದ್ಧ, ಅರ್ಧ ಸರಿದ ಕಣ್ಣಿನಿಂದ ಜೀವಿಗೆ ಏನು ಲಾಭವೆಂದು ಕ್ಯಾಥೊಲಿಕ್ ಪ್ರಾಣಿವಿಜ್ಞಾನಿ ಮೈವಾರ್ಟ್ 1871ರಲ್ಲಿ ಎತ್ತಿದ ಆಕ್ಷೇಪಕ್ಕೆ (ಅದೇನೂ ಹುರುಳಿಲ್ಲದ ಆಕ್ಷೇಪವಲ್ಲ) ಡಾರ್ವಿನ್ ಮರುವರ್ಷ ಉತ್ತರಿಸಿದನು. ಆದರೆ ಅಂಥ ಅರ್ಧ ಸರಿದ ಕಣ್ಣುಳ್ಳ ಮೀನುಗಳು ನಿಜವಾಗಿಯೂ ಇದ್ದವೆಂದು ತೋರಿಸಿದ್ದು, 2008ರಲ್ಲಿ ವಿವರಿಸಲಾದ, ಸುಮಾರು 5 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳು. ಸರಿದ ಕಣ್ಣು ಪೂರ್ವಜರಲ್ಲಿ ಇರದೆ ಹಂತಹಂತವಾಗಿ ಹೊಸದಾಗಿ ಬಂದದ್ದರಿಂದ, ಕುಲದ ವಿಷಯದಲ್ಲಿ ವೈಶೇಷಿಕರ ಪಕ್ಷವೇ ಬಲವಾದದ್ದು.