ಮೊದಲು ನೆಲ ಮುಟ್ಟಿದವಳು

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ನಮ್ಮದೊಂದು ಟೈರಿನ ಅಂಗಡಿ. ಹರಿಹರದಿಂದ ಮದುವೆಯಾಗಿ ಬಂದಾಗಿನಿಂದ ರಬ್ಬರಿನ ವಾಸನೆ ಮೂಗಿಗೆ ಒಗ್ಗಿಹೋಗಿದೆ. ಈಗ ಅಂಗಡಿ ನೋಡಿಕೊಳ್ಳುವವನು ಮಗ. ಊಟಕ್ಕೆ ಕೂತರೆ ಅವನಿಗೆ ಅಮೆರಿಕದ ಕಾರು ಓಟ ನೋಡುವ ಹುಚ್ಚು. ಹೊರಗಿನಿಂದ ಮಾಮೂಲಿ ಕಾರಿನಂತೆ ಕಾಣುವ, ಒಳಗೆಲ್ಲ ಓಟಕ್ಕೆಂದೇ ಕಟ್ಟಿದ ಸ್ಟಾಕ್ ಕಾರುಗಳು. ನ್ಯಾಸ್ಕಾರ್ ಎಂದು ಆ ಪಂದ್ಯದ ಹೆಸರು. ಸುತ್ತಿದಲ್ಲೇ ಸುತ್ತುವ ಅವನ್ನು ನೋಡಿದರೆ ನನಗೆ ಗಾಣದೆತ್ತಿನ ನೆನಪು.

"ಅಮ್ಮಾ, ಇದ್ರಾಗೆ ಒಂದು ಅನ್ಯಾಯ ಐತೆ ನೋಡು" ಎಂದ ಒಂದು ರಾತ್ರಿ.

ಎಲ್ಲ ಕಾರಿಗೂ ಗುಡ್‌ಇಯರ್ ಕಂಪನಿಯದೇ ಟೈರು. ಓಟದ ಟ್ರ್ಯಾಕುಗಳಿಗೆ ತಂಡಗಳು ತಾವಾಗಿ ಹೋಗಿ ಅಭ್ಯಾಸ ಮಾಡುವುದನ್ನು 2009ರಿಂದ ನಿಲ್ಲಿಸಿದರಂತೆ, ಖರ್ಚು ಹೆಚ್ಚೆಂದು. ಆದರೆ ಟೈರಿನ ಪರೀಕ್ಷೆ ಆಗಬೇಕಲ್ಲ? ಅದಕ್ಕೆ ಕೆಲವರನ್ನಷ್ಟೇ, ಸಾಮಾನ್ಯವಾಗಿ ಷೆವರ್ಲೆ, ಫೋರ್ಡ್, ಟೊಯೊಟಾ ಕಡೆಯಿಂದ ಒಬ್ಬೊಬ್ಬರನ್ನು, ಕರೆಯುತ್ತಾರೆ. ಅವರಿಗೆ ಆ ಟ್ರ್ಯಾಕು, ಆ ಟೈರು ಮೊದಲೇ ಪರಿಚಯವಾಗುತ್ತವೆ. ಉಳಿದವರಿಗೆ ಆ ಭಾಗ್ಯವಿಲ್ಲ.

"ಹಂಗಾದ್ರೆ ಪರೀಕ್ಷೆನೇ ಬಿಡ್ಲಿ" ಎಂದೆ.

ಅವನು 2008ರ ಜುಲೈ 27ರ ಕಥೆ ಹೇಳಿದ. ಇಂಡಿಯಾನಾಪೊಲಿಸ್‌ನಲ್ಲಿ ಟ್ರ್ಯಾಕು ಟೈರುಗಳನ್ನು ತುರಿಮಣೆಯಂತೆ ತುರಿದುಹಾಕಿತಂತೆ. ರಬ್ಬರು ನೆಲಕ್ಕೆ ಅಂಟಿ ಕೂರುವ ಬದಲು ಪುಡಿಯಾಗಿ ಹಾರಿತು. ಹತ್ತು ಹನ್ನೆರಡು ಸುತ್ತಿಗೊಮ್ಮೆ ಓಟ ತಡೆದು ಟೈರು ಬದಲಿಸಬೇಕಾಯಿತು. ಪರೀಕ್ಷೆ ಸಾಲದೆ ಹೋದರೆ ಜೀವಕ್ಕೇ ಸಂಚಕಾರ. ಹೆದ್ದಾರಿಯಲ್ಲಿ ಟೈರು ಒಡೆದು ಮಗುಚಿದ ಲಾರಿಗಳನ್ನು ಕಂಡ ನನಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಆದರೆ "ಪುಡಿಯಾಗಿ ಹಾರಿತು" ಎಂಬ ಮಾತಿಗೆ ನನ್ನ ಕೈಯ ತುತ್ತು ಅಲ್ಲೇ ನಿಂತಿತು.

1996ರ ದಸರಾಕ್ಕೆ ತವರಿಗೆ ಹೋಗಿದ್ದೆ. ಅಲ್ಲೊಂದು ಹೆಂಗಸರ ಸಂಘದ ರಂಗೋಲಿ ಸ್ಪರ್ಧೆ. ಉಳ್ಳವರು ಇಲ್ಲದವರು ಎಂಬ ಭೇದ ಬೇಡವೆಂದು ಎಲ್ಲರಿಗೂ ಸಂಘದಿಂದಲೇ ಒಂದೇ ಬಗೆಯ ಬಣ್ಣದ ಪುಡಿ. ಹಿಂದಿನ ಸಂಜೆ ಹಿರಿಯರೊಬ್ಬರು, "ಪುಡಿ ಹೊಸದು, ನೆಲಾನೂ ಹೊಸದು, ಒಂದೆಳೆ ಬಿಟ್ಟು ನೋಡು ಬಾರವ್ವ" ಎಂದು ಕರೆದರು. ಹೋದೆ. ಪುಡಿ ತೀರಾ ನುಣ್ಣಗಿತ್ತು. ಮೊಸಾಯಿಕ್ ನೆಲದ ಮೇಲೆ ನಿಲ್ಲದೆ ಫ್ಯಾನಿನ ಗಾಳಿಗೆ ಚೆದುರಿತು. ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿದೆ. ಹಸಿಯಿದ್ದಾಗ ಬಣ್ಣ ಕದಡಿತು, ಪೂರಾ ಆರಿದ ಮೇಲೆ ಮತ್ತೆ ಹಾರಿತು. ನಾಲ್ಕನೆಯ ಸಲಕ್ಕೆ ಹದ ಸಿಕ್ಕಿತು. "ಪುಡಿ ನಡೀತದೆ" ಎಂದಷ್ಟೇ ಹೇಳಿ ಮನೆಗೆ ಬಂದೆ.

ಮಾರನೆಯ ದಿನ ನನಗೇ ಮೊದಲ ಬಹುಮಾನ, ಪ್ರೆಷರ್ ಕುಕ್ಕರ್. ಎರಡನೆಯದು ನಮ್ಮ ಬೀದಿಯ ಗೆಳತಿಗೆ. ಅವಳ ಕೈ ನನ್ನ ಕೈಗಿಂತ ಎಷ್ಟೋ ಮೇಲು. ಆದರೆ ಅವಳ ನವಿಲಿನ ಕತ್ತು ಗಾಳಿಗೆ ಮಸುಕಾಗಿತ್ತು. "ನಿನ್ನ ನೆಲ ಚೆನ್ನಾಗಿತ್ತು ಬಿಡೆ" ಎಂದು ನಕ್ಕಳು. ನಾನೂ ನಕ್ಕೆ.

ಕದ್ದೆನೇ? ಇಲ್ಲ, ಕರೆದರು, ಹೋದೆ. ಯಾರಾದರೂ ಪರೀಕ್ಷಿಸಲೇಬೇಕಿತ್ತು. ಕಾರ್ಖಾನೆಗಳಲ್ಲಿ ಮಾಡುವವನೇ ಬೇರೆ, ತಪಾಸಣೆಯವನೇ ಬೇರೆ. ಹರಿಹರದಲ್ಲಿ ಲೇತ್‌ಗಳ ನಡುವೆ ದುಡಿದ ಅಪ್ಪ ಇದನ್ನು ಹೇಳುತ್ತಿದ್ದರು. ಆದರೆ ರಂಗೋಲಿ ಪುಡಿಯ ಗುಣ ರಂಗೋಲಿ ಹಾಕುವವಳಿಗೇ ತಿಳಿಯಬೇಕು, ಆ ವೇಗದ ಟೈರಿನ ಗುಣ ಓಡಿಸುವವನಿಗೇ. ಅಂದಮೇಲೆ ಪರೀಕ್ಷಕರು ಸ್ಪರ್ಧಿಗಳೇ ಆಗಬೇಕಾಗುತ್ತದೆ. ಅವರನ್ನು ಸ್ಪರ್ಧೆಯಿಂದ ಹೊರಗಿಟ್ಟರೆ ಆ ಕೆಲಸಕ್ಕೆ ಯಾರು ಬರುತ್ತಾರೆ, ನೀವೇ ಹೇಳಿ. ಸರದಿಯ ಮೇಲೆ ಕರೆಯಬಹುದು, ಆದರೆ ಪ್ರತಿ ಸಲವೂ ಯಾರೋ ಒಬ್ಬರು ಮುಂದಿರುತ್ತಾರೆ. ತಿಳಿದದ್ದನ್ನು ಎಲ್ಲರಿಗೂ ಹೇಳಲಿ ಎಂದರೆ, ಕೈ ಕಲಿತದ್ದು ಬಾಯಿಗೆ ಬರುವುದು ಅರ್ಧವೇ. ಆ ಅರ್ಧವನ್ನೂ ನಾನು ಕೊಡಲಿಲ್ಲ.

ಮಗ ಇನ್ನೊಂದು ಸಂಗತಿ ಹೇಳಿದ. ಅದು ಫಾರ್ಮುಲಾ ಒನ್ ಓಟದ್ದು. 2013ರ ಮೇ ತಿಂಗಳಲ್ಲಿ ಮರ್ಸಿಡಿಸ್ ತಂಡ ಆ ವರ್ಷದ ಕಾರಿನಲ್ಲೇ ಪಿರೆಲ್ಲಿ ಕಂಪನಿಗಾಗಿ ಮೂರು ದಿನ ಟೈರು ಪರೀಕ್ಷಿಸಿತ್ತು. ವಿಚಾರಣೆಯಲ್ಲಿ ನ್ಯಾಯಮಂಡಳಿ, ದುರುದ್ದೇಶವಿರಲಿಲ್ಲ ಎಂದು ಒಪ್ಪಿತು. ಆದರೂ ಒಂದಿಷ್ಟು ಲಾಭವಂತೂ ಆಗಿದೆ ಎಂದು ಛೀಮಾರಿ ಹಾಕಿತು. ದುರುದ್ದೇಶ ನನಗೂ ಇರಲಿಲ್ಲ. ಕುಕ್ಕರ್ ಮಾತ್ರ ನಮ್ಮ ಮನೆಯಲ್ಲೇ ಇದೆ, ಈವರೆಗೆ ಮೂರು ಗ್ಯಾಸ್ಕೆಟ್ ಬದಲಿಸಿದ್ದೇನೆ.

ಹೋದ ಬೇಸಿಗೆಯಲ್ಲಿ ದಾವಣಗೆರೆಯ ಒಂದು ಮದುವೆಯಲ್ಲಿ ಗೆಳತಿ ಸಿಕ್ಕಳು. ಇಬ್ಬರಿಗೂ ತಲೆ ನೆರೆತಿದೆ. ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತು ಎಲ್ಲ ಹೇಳಿಬಿಟ್ಟೆ. ಅವಳು ಸ್ವಲ್ಪ ಹೊತ್ತು ಎಲೆಯ ಮೇಲಿನ ಕೋಸಂಬರಿಯನ್ನೇ ನೋಡುತ್ತಿದ್ದಳು.

"ಒರೆಸಿ ಎಷ್ಟೊತ್ತು ಬಿಟ್ಟಿದ್ದೆ?" ಎಂದಳು.

"ಗಡಿಯಾರದ ಲೆಕ್ಕ ಅಲ್ಲ ಕಣೆ. ಮುಟ್ಟಿದರೆ ತಂಪು ಹತ್ತಬೇಕು, ನೀರು ಹತ್ತಬಾರದು" ಎಂದು ಟೇಬಲ್ಲಿನ ಮೇಲೆ ನೀರು ಚಿಮುಕಿಸಿ, ಸೆರಗಿನಿಂದ ಒರೆಸಿ, ಅವಳ ಕೈ ಹಿಡಿದು ಅಲ್ಲಿಟ್ಟೆ.